ಗುಲ್ಮದೊಳಗಿನ ಗಂಟು: ಕತ್ತರಿಸುವ ಮುನ್ನ, ಕತ್ತರಿಸಿದ ಮೇಲೆ

ಪಿತ್ತಕೋಶದಲ್ಲಿ ಕಲ್ಲು ಇದೆಯೇನೋ ಎಂದು ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಕಲ್ಲು ಇರುವುದಿಲ್ಲ. ರಿಪೋರ್ಟಿನ ಕೊನೆಯಲ್ಲಿ ಮಾತ್ರ ಯಾರೂ ನಿರೀಕ್ಷಿಸದ ಒಂದು ಸಾಲು ಕೂತಿರುತ್ತದೆ. ಗುಲ್ಮದಲ್ಲಿ ನಾಲ್ಕು ಸೆಂಟಿಮೀಟರಿನ ಗಂಟು, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ‘ಸಿ.ಟಿ. ಸ್ಕ್ಯಾನ್ ಮಾಡಿಸಿ’ ಎಂಬ ಸಲಹೆ. ಮನೆಮಂದಿಯ ನಿದ್ದೆ ಕೆಡಲು ಆ ಚಿಹ್ನೆಯೊಂದೇ ಸಾಕು. ‘ಅಮ್ಮನಿಗೆ ಏನೂ ಹೇಳಬೇಡಿ ಡಾಕ್ಟ್ರೇ’ ಎಂದು ಮಗ ಒಳಗೆ ಬಂದು ಪಿಸುಗುಟ್ಟುತ್ತಾನೆ. ‘ಗುಲ್ಮ ಅಂದ್ರೆ ಯಾವುದು, ಅದು ಎಲ್ಲಿರುತ್ತೆ?’ ಎಂದು ಹೊರಗೆ ಕೂತ ಅಮ್ಮ ಸೊಸೆಯನ್ನು ಕೇಳುತ್ತಿರುತ್ತಾರೆ.

ಎಡಗಡೆ ಪಕ್ಕೆಲುಬುಗಳ ಅಡಿಯಲ್ಲಿ, ಜಠರದ ಹಿಂಬದಿಗೆ, ವಪೆಗೆ ಒತ್ತಿಕೊಂಡಂತೆ ಇರುವ ನೇರಳೆ ಬಣ್ಣದ ಅಂಗ ಅದು. ವೈದ್ಯಕೀಯ ವಿದ್ಯಾರ್ಥಿಗಳು ಅದರ ಲೆಕ್ಕವನ್ನು ಬೆಸ ಸಂಖ್ಯೆಗಳಲ್ಲಿ ಬಾಯಿಪಾಠ ಮಾಡುತ್ತಾರೆ: 1 ಇಂಚು ದಪ್ಪ, 3 ಇಂಚು ಅಗಲ, 5 ಇಂಚು ಉದ್ದ, 7 ಔನ್ಸ್ ತೂಕ, 9ರಿಂದ 11ನೇ ಪಕ್ಕೆಲುಬಿನವರೆಗಿನ ಜಾಗ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಶೇ 5ರಷ್ಟು ಈ ಸಣ್ಣ ಅಂಗದ ಮೂಲಕ ಹಾದುಹೋಗುತ್ತದೆ. ಮುಪ್ಪಾದ ಕೆಂಪು ರಕ್ತಕಣಗಳನ್ನು ಅದು ಹಿಡಿದು ಒಡೆಯುತ್ತದೆ, ಅವುಗಳ ಕಬ್ಬಿಣಾಂಶವನ್ನು ಮತ್ತೆ ಬಳಕೆಗೆ ಕೊಡುತ್ತದೆ. ಸಕ್ಕರೆಯಂಥ ಜಾರು ಕವಚ ಹೊದ್ದು ಓಡಾಡುವ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಹೆಕ್ಕಿ ತೆಗೆಯುವ ಕೆಲಸದಲ್ಲಂತೂ ಅದಕ್ಕೆ ಸರಿಸಾಟಿಯಾದ ಅಂಗ ಇನ್ನೊಂದಿಲ್ಲ. ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್ ಇದನ್ನು ನಿಗೂಢ ಅಂಗವೆಂದು ಕರೆದನೆನ್ನುತ್ತಾರೆ. ಇದರ ಕೆಲಸ ಅರ್ಥವಾಗಲು ಆಮೇಲೆ ಎಷ್ಟೋ ಶತಮಾನಗಳೇ ಬೇಕಾದವು.

ನಮ್ಮ ದೇಶದ ವೈದ್ಯರಿಗೆ ಗುಲ್ಮ ಎಂದೊಡನೆ ಮೊದಲು ನೆನಪಾಗುವುದು ಮಲೇರಿಯಾ. 1840ರ ದಶಕದಲ್ಲಿ ಯಮುನಾ ಕಾಲುವೆಯ ಆಸುಪಾಸಿನ ಹಳ್ಳಿಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯರು ಊದಿದ ಗುಲ್ಮವಿರುವವರನ್ನು ಕೈಯಿಂದ ಮುಟ್ಟಿ ಎಣಿಸಿ, ಯಾವ ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆದಿದ್ದರು. ಸೊಳ್ಳೆಯಿಂದ ಜ್ವರ ಬರುತ್ತದೆಂದು ಗೊತ್ತಾಗುವುದಕ್ಕೆ ಅರ್ಧ ಶತಮಾನ ಮೊದಲಿನ ಮಾತು ಇದು. ಮಲೆನಾಡಿನ ಹಿರಿಯರು ಜ್ವರಗಡ್ಡೆ ಎನ್ನುತ್ತಿದ್ದುದೂ ಹೀಗೆ ಊದಿದ ಗುಲ್ಮವನ್ನೇ. ಅಲ್ಲಿ ಊದಿಕೊಳ್ಳುವುದು ಇಡೀ ಅಂಗ. ಈ ಲೇಖನದ ವಿಷಯ ಬೇರೆ: ಉಳಿದೆಲ್ಲ ಭಾಗ ಸರಿಯಿದ್ದು, ಅದರೊಳಗೆ ಒಂದೋ ಹಲವೋ ಗಂಟುಗಳು ಬೆಳೆಯುವ ಸ್ಥಿತಿ. ಹೀಗೆ ಬೆಳೆಯುವುದೇ ಅಪರೂಪ. ಕ್ಯಾನ್ಸರ್ ಅಲ್ಲದ, ಮೈಗೆಲ್ಲ ಹರಡದ ಗಂಟುಗಳು ಅದರಲ್ಲೊಂದು ಗುಂಪು. ಅಪಾಯವಿಲ್ಲದ ಇವುಗಳ ಬಗ್ಗೆ ಇಷ್ಟು ಉದ್ದ ಬರೆಯುವುದೇಕೆ ಎಂದರೆ, ಅಪಾಯವಿಲ್ಲ ಎಂಬುದನ್ನು ಸಾಬೀತು ಮಾಡುವ ಭರದಲ್ಲಿ ಎಷ್ಟೋ ಸಲ ಇಡೀ ಗುಲ್ಮವನ್ನೇ ಕಳೆದುಕೊಳ್ಳಬೇಕಾಗುತ್ತದೆ. ಖಚಿತತೆಗೆ ಎಷ್ಟು ಬೆಲೆ ಕೊಡಬಹುದು ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ.

ಗಂಟುಗಳ ಕುಲ

ಗುಲ್ಮವೆಂದರೆ ಬಹುಪಾಲು ರಕ್ತನಾಳಗಳ ಜಾಲ. ಹಾಗಾಗಿ ಅಲ್ಲಿ ಹುಟ್ಟುವ ಗಂಟುಗಳೂ ಹೆಚ್ಚಾಗಿ ರಕ್ತನಾಳಗಳವೇ. ಅವುಗಳಲ್ಲಿ ಹೆಚ್ಚು ಕಾಣಿಸುವುದು ಹೆಮಾಂಜಿಯೋಮ, ಅಂದರೆ ರಕ್ತ ತುಂಬಿದ ಸಣ್ಣ ನಾಳಗಳ ಗೊಂಚಲು. ಹೆಚ್ಚಿನವು ಎರಡು ಸೆಂಟಿಮೀಟರನ್ನೂ ದಾಟುವುದಿಲ್ಲ, ಜೀವಮಾನವಿಡೀ ತಮ್ಮ ಇರವನ್ನು ತೋರಿಸಿಕೊಳ್ಳುವುದಿಲ್ಲ. ಹಳೆಯ ವೈದ್ಯಕೀಯ ಬರಹಗಳು ಇವು ಒಡೆದು ಹೊಟ್ಟೆಯೊಳಗೆ ರಕ್ತಸ್ರಾವ ಆಗುವುದನ್ನು ದೊಡ್ಡ ಭಯವಾಗಿ ಚಿತ್ರಿಸಿದ್ದವು. ಆದರೆ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2000ದಲ್ಲಿ ತಮ್ಮ 32 ರೋಗಿಗಳ ಅನುಭವ ಪ್ರಕಟಿಸಿದಾಗ, ತಾನಾಗಿ ಒಡೆದ ಒಂದೂ ಉದಾಹರಣೆ ಅದರಲ್ಲಿರಲಿಲ್ಲ. ಸಣ್ಣ, ತೊಂದರೆ ಕೊಡದ ಹೆಮಾಂಜಿಯೋಮಗಳನ್ನು ನೋಡಿಕೊಂಡಿರಬಹುದು ಎಂಬ ಧೈರ್ಯ ಬಂದದ್ದು ಇಂಥ ಬರಹಗಳಿಂದ. ತೀರ ದೊಡ್ಡವು ಮಾತ್ರ ಪ್ಲೇಟ್‌ಲೆಟ್‌ಗಳನ್ನು ತಮ್ಮೊಳಗೆ ಸಿಕ್ಕಿಸಿಕೊಂಡು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಏರುಪೇರು ಮಾಡಿಬಿಡಬಹುದು.

ಲಿಂಫಾಂಜಿಯೋಮ ಹೆಚ್ಚಾಗಿ ಮಕ್ಕಳಲ್ಲಿ ಸಿಗುತ್ತದೆ. ಇದು ದುಗ್ಧರಸ ತುಂಬಿದ, ತೆಳು ಗೋಡೆಯ ಗುಳ್ಳೆಗಳ ಸಮೂಹ. ಹಮಾರ್ಟೋಮವನ್ನು ವಿಯೆನ್ನಾದ ಹೆಸರಾಂತ ರೋಗಶಾಸ್ತ್ರಜ್ಞ ರೋಕಿಟಾನ್‌ಸ್ಕಿ 1861ರಲ್ಲೇ ವಿವರಿಸಿದ್ದರು. ಗುಲ್ಮದ ಸ್ವಂತ ಅಂಗಾಂಶವೇ ಕ್ರಮ ತಪ್ಪಿ ಜೋಡಣೆಗೊಂಡು ಗಂಟಾಗಿ ಕೂರುವ ಬಗೆ ಇದು. ಅದಕ್ಕೇ ಸಾದಾ ಸಿ.ಟಿ.ಯಲ್ಲಿ ಅದು ಸುತ್ತಲಿನ ಗುಲ್ಮದಿಂದ ಬೇರೆಯಾಗಿ ಕಾಣುವುದೇ ಕಷ್ಟ. ಅಂಚು ಒಂದು ಕಡೆ ಉಬ್ಬಿದೆಯಲ್ಲ ಎಂಬ ಅನುಮಾನವಷ್ಟೇ ರೇಡಿಯಾಲಜಿಸ್ಟ್‌ಗೆ ಹಿಡಿಯಲು ಸಿಗುವ ದಾರ.

ಇನ್ನೆರಡು ಗಂಟುಗಳು ವೈದ್ಯಲೋಕಕ್ಕೆ ಗೊತ್ತಾದದ್ದು ತೀರ ಇತ್ತೀಚೆಗೆ. ಗುಲ್ಮದ ಕೆಂಪು ತಿರುಳಿನಲ್ಲಿ ರಕ್ತ ಹರಿಯುವ ಸಂದುಗಳಿವೆ. ಆ ಸಂದುಗಳ ಅಂಚಿಗೆ ಸಾಲಾಗಿ ಹಬ್ಬಿದ ಕೋಶಗಳಿಂದ ಹುಟ್ಟುವ ಗಡ್ಡೆಯನ್ನು 1991ರಲ್ಲಿ ಫಾಕ್ ಮತ್ತು ಸಂಗಡಿಗರು ಲಿಟೋರಲ್ ಸೆಲ್ ಆಂಜಿಯೋಮ ಎಂದು ಹೆಸರಿಟ್ಟು ವರ್ಣಿಸಿದರು. ಈ ಕೋಶಗಳಿಗೆ ಎರಡು ಗುಣ: ರಕ್ತನಾಳದ ಒಳಪದರದಂತೆಯೂ ಇರುತ್ತವೆ, ಕಸ ನುಂಗುವ ಕೋಶದಂತೆಯೂ ವರ್ತಿಸುತ್ತವೆ. ಗುಲ್ಮದ ತುಂಬ ಹತ್ತಾರು ಗಂಟುಗಳು ಒಟ್ಟೊಟ್ಟಿಗೆ ಏಳುವುದು ಇದರ ರೀತಿ. ಗಂಟು ಕ್ಯಾನ್ಸರ್ ಅಲ್ಲದಿದ್ದರೂ, ಇದಿರುವವರಲ್ಲಿ ಕರುಳಿನಂಥ ಬೇರೆ ಅಂಗಗಳ ಕ್ಯಾನ್ಸರ್ ಜೊತೆಯಲ್ಲಿ ಪತ್ತೆಯಾದ ಉದಾಹರಣೆಗಳು ಸಾಕಷ್ಟಿವೆ. ಆದ್ದರಿಂದ ಈ ಹೆಸರು ರಿಪೋರ್ಟಿನಲ್ಲಿ ಬಂದರೆ ಗುಲ್ಮವನ್ನು ತೆಗೆದಲ್ಲಿಗೆ ಕೆಲಸ ಮುಗಿಯಿತೆಂದು ಸುಮ್ಮನಾಗುವಂತಿಲ್ಲ. ಉಳಿದ ಅಂಗಗಳನ್ನೂ ಪರೀಕ್ಷಿಸಬೇಕು, ವರ್ಷಗಳ ಕಾಲ ಕಣ್ಣಿಟ್ಟಿರಬೇಕು.

ಎರಡನೆಯದರ ಉದ್ದದ ಹೆಸರನ್ನು ವೈದ್ಯರು ಮೊಟಕು ಮಾಡಿ ‘ಸ್ಯಾಂಟ್’ ಎನ್ನುತ್ತಾರೆ. ಮಾರ್ಟೆಲ್ ಮತ್ತು ಸಂಗಡಿಗರು 2004ರಲ್ಲಿ 25 ರೋಗಿಗಳ ಗುಲ್ಮಗಳನ್ನು ಅಭ್ಯಸಿಸಿ ಇದಕ್ಕೊಂದು ಪ್ರತ್ಯೇಕ ಸ್ಥಾನ ಕೊಟ್ಟರು. ಆ 25 ಮಂದಿಯಲ್ಲಿ 17 ಮಂದಿ ಹೆಂಗಸರು. ಅದಕ್ಕೂ ಮುಂಚೆ ಈ ಗಂಟನ್ನು ಹಮಾರ್ಟೋಮ, ಹೆಮಾಂಜಿಯೋಮ, ಉರಿಯೂತದ ಗಡ್ಡೆ ಎಂದೆಲ್ಲ ಬೇರೆ ಬೇರೆ ಕಡತಗಳಿಗೆ ಸೇರಿಸಿ ಮುಚ್ಚಿಡಲಾಗಿತ್ತು. ತೆಗೆದ ಗುಲ್ಮವನ್ನು ಪೆಥಾಲಜಿಸ್ಟ್ ಮೇಜಿನ ಮೇಲಿಟ್ಟು ಉದ್ದಕ್ಕೆ ಸೀಳಿದಾಗ ಸ್ಯಾಂಟ್ ಬಹಳ ಸಲ ಬರಿಗಣ್ಣಿಗೇ ಗುರುತು ಸಿಗುತ್ತದೆ. ಕಡುಗೆಂಪು ಗುಲ್ಮದ ನಡುವೆ ದುಂಡನೆಯ, ಗಟ್ಟಿ ಗಂಟು. ಅದರ ಮಧ್ಯದಿಂದ ಬಿಳಿಯ ನಾರಿನ ಕಲೆ ನಕ್ಷತ್ರದ ಕೈಗಳಂತೆ ಹೊರಗೆ ಚಾಚಿರುತ್ತದೆ. ಆ ಕೈಗಳ ನಡುವೆ ಕಂದುಗೆಂಪಿನ ಸಣ್ಣ ಸಣ್ಣ ಉಂಡೆಗಳು. ಸೂಕ್ಷ್ಮದರ್ಶಕದಡಿ ಆ ಉಂಡೆಗಳೊಳಗೆ ಮೂರು ಬಗೆಯ ರಕ್ತನಾಳಗಳು ಹೆಣೆದುಕೊಂಡಿರುತ್ತವೆ. ಸಿಡಿ31, ಸಿಡಿ34, ಸಿಡಿ8 ಎಂಬ ಬಣ್ಣದ ಪರೀಕ್ಷೆಗಳಲ್ಲಿ ಒಂದೊಂದು ಬಗೆಯ ನಾಳ ಒಂದೊಂದು ರೀತಿಯಲ್ಲಿ ಬಣ್ಣ ಹಿಡಿಯುತ್ತದೆ. ಸಿಡಿ8ಕ್ಕೆ ಹಮಾರ್ಟೋಮದ ನಾಳಗಳು ಓಗೊಡುತ್ತವೆ, ಲಿಟೋರಲ್ ಸೆಲ್ ಆಂಜಿಯೋಮದವು ಓಗೊಡುವುದಿಲ್ಲ. ಸ್ಕ್ಯಾನ್‌ನಲ್ಲಿ ಒಂದೇ ಮುಖ ತೋರಿಸಿದ ಗಂಟುಗಳು ಬೇರೆಯಾಗುವುದು ಕೊನೆಗೆ ಈ ಗಾಜಿನ ತುಂಡಿನ ಮೇಲೆ.

ಸ್ಕ್ಯಾನ್ ಹೇಳುವುದೆಷ್ಟು?

ಸಾಕಷ್ಟು ಹೇಳುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಸಿ.ಟಿ. ಮಾಡುವಾಗ ಕೈಯ ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಚುಚ್ಚಿ ಮೊದಲ ಅರ್ಧ ನಿಮಿಷದಲ್ಲಿ ಚಿತ್ರ ತೆಗೆದರೆ ಆರೋಗ್ಯವಂತರ ಗುಲ್ಮವೂ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ರಕ್ತ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ಹರಿಯುವುದೇ ಅದಕ್ಕೆ ಕಾರಣ. ಸುಮಾರು 70 ಸೆಕೆಂಡ್ ಆದಮೇಲೆ ತೆಗೆದ ಚಿತ್ರದಲ್ಲಿ ಗುಲ್ಮ ಪೂರ್ತಿ ಏಕಬಣ್ಣಕ್ಕೆ ಬಂದಿರುತ್ತದೆ. ಮೊದಲ ಹಂತದ ಪಟ್ಟೆಯನ್ನೇ ಗಂಟೆಂದು ಓದಿಬಿಟ್ಟರೆ ಇಲ್ಲದ ರೋಗಕ್ಕೆ ಹೆಸರಿಟ್ಟಂತೆ. ಆದ್ದರಿಂದ ಗುಲ್ಮದ ಗಂಟು ಎಂದಾಗ ಹಲವು ಹಂತಗಳ ಸಿ.ಟಿ. ಆಗಿದೆಯೇ ಎಂದು ವಿಚಾರಿಸುವುದು ಸರಿ.

ಎಂಆರ್‌ಐ ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ. ನೀರಿನಂಶ ಬೆಳ್ಳಗೆ ಕಾಣುವ ಚಿತ್ರಗಳಲ್ಲಿ ಹೆಮಾಂಜಿಯೋಮ ಹೊಳೆಯುತ್ತದೆ. ನಾರು ಮತ್ತು ಹಳೆಯ ರಕ್ತದ ಕಬ್ಬಿಣಾಂಶ ತುಂಬಿದ ಸ್ಯಾಂಟ್ ಕಪ್ಪಾಗಿ ಉಳಿಯುತ್ತದೆ. ಕಾಂಟ್ರಾಸ್ಟ್ ಅಂಚಿನಿಂದ ಒಳಕ್ಕೆ ಗಾಡಿಗಾಲಿಯ ಅರಗಳ ಹಾಗೆ ಸಾಗಿದರೆ ಸ್ಯಾಂಟ್ ಇರಬಹುದೆಂಬ ಊಹೆಗೆ ಬಲ ಬರುತ್ತದೆ. ಪೆಟ್ ಸ್ಕ್ಯಾನ್ ಇಲ್ಲಿ ದಾರಿ ತಪ್ಪಿಸುವುದುಂಟು. ಸ್ಯಾಂಟ್ ಕೂಡ ಗ್ಲೂಕೋಸ್ ಹೀರಿ ಬೆಳಗಬಲ್ಲದು. ಸ್ತನ ಕ್ಯಾನ್ಸರ್‌ಗೋ ಕರುಳಿನ ಕ್ಯಾನ್ಸರ್‌ಗೋ ಚಿಕಿತ್ಸೆ ಪಡೆದು ತಪಾಸಣೆಗೆ ಬಂದವರ ಗುಲ್ಮದಲ್ಲಿ ಇಂಥದ್ದೊಂದು ಬೆಳಗಿದರೆ, ಕ್ಯಾನ್ಸರ್ ಅಲ್ಲಿಗೂ ಹಬ್ಬಿತೆಂದೇ ಎಲ್ಲರೂ ತಿಳಿಯುತ್ತಾರೆ.

ರಕ್ತಪರೀಕ್ಷೆಯೂ ಕೆಲವೊಮ್ಮೆ ಹೀಗೇ ಹೆದರಿಸುತ್ತದೆ. ಹುಟ್ಟಿನಿಂದ ಬಂದ, ಒಳಪದರವುಳ್ಳ ನೀರ್ಗುಳ್ಳೆಗಳು ಗುಲ್ಮದಲ್ಲಿ ಹದಿಹರೆಯದವರಿಗೂ ಯುವಜನರಿಗೂ ಆಗುತ್ತವೆ. ಆ ಒಳಪದರ ಸಿಎ 19-9 ಎಂಬ ವಸ್ತುವನ್ನು ಸ್ರವಿಸುತ್ತದೆ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಏರುವ ವಸ್ತುವೂ ಅದೇ. ಇಪ್ಪತ್ತರ ಹುಡುಗಿಯ ರಕ್ತದಲ್ಲಿ ಆ ಅಂಕಿ ಹತ್ತಾರು ಪಟ್ಟು ಏರಿದ್ದನ್ನು ಕಂಡು ಮನೆಯವರು ಕಂಗಾಲಾಗುತ್ತಾರೆ. ಗುಳ್ಳೆ ತೆಗೆದ ಮೇಲೆ ಅಂಕಿ ತಾನಾಗಿ ಇಳಿಯುತ್ತದೆ.

ನಮ್ಮ ಕಡೆ ಇನ್ನೆರಡು ಸಂಗತಿಗಳನ್ನು ಮೊದಲೇ ತಳ್ಳಿಹಾಕಿಕೊಳ್ಳಬೇಕು. ಒಂದು ಕ್ಷಯ. ಗುಲ್ಮದಲ್ಲಿ ಚಿಕ್ಕಚಿಕ್ಕ ಕೀವಿನ ಗಂಟುಗಳಾಗಿ ಅದು ತೋರಿಕೊಳ್ಳಬಹುದು, ಅದಕ್ಕೆ ಬೇಕಾದದ್ದು ಮಾತ್ರೆ, ಕತ್ತರಿಯಲ್ಲ. ಇನ್ನೊಂದು ಹೈಡಾಟಿಡ್ ಗುಳ್ಳೆ. ನಾಯಿ ಮತ್ತು ಕುರಿಗಳ ನಡುವೆ ಸುತ್ತುವ ಲಾಡಿಹುಳುವಿನ ಮೊಟ್ಟೆ ಕೈಗೆ, ಸೊಪ್ಪುತರಕಾರಿಗೆ ಅಂಟಿ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ, ಅಪರೂಪಕ್ಕೆ ಗುಲ್ಮದಲ್ಲಿ ನೀರ್ಗುಳ್ಳೆಯಾಗುತ್ತದೆ. ಗೊತ್ತಿಲ್ಲದೆ ಇದಕ್ಕೆ ಸೂಜಿ ಚುಚ್ಚಿದರೆ ಒಳಗಿನ ದ್ರವ ಚೆಲ್ಲಿ ಜೀವಕ್ಕೇ ಕುತ್ತು ತರುವ ಅಲರ್ಜಿ ಕೆರಳಬಹುದು. ಕುರಿಸಾಕಣೆಯ ಸೀಮೆಯಿಂದ ಬಂದವರ ಗುಲ್ಮದಲ್ಲಿ ಗುಳ್ಳೆ ಕಂಡರೆ, ನಿಮ್ಮ ಮನೆಯಲ್ಲಿ ಕುರಿ ಇವೆಯೇ, ನಾಯಿ ಇದೆಯೇ ಎಂದು ಕೇಳುವ ವೈದ್ಯರು ಅರ್ಧ ಪತ್ತೆ ಅಲ್ಲೇ ಮಾಡಿರುತ್ತಾರೆ.

ಹಾಗಾದರೆ ಸೂಜಿ ಹಾಕಿ ಒಂದು ಚೂರು ತೆಗೆದು ನೋಡಬಾರದೇಕೆ? ಯಕೃತ್ತು, ಕಿಡ್ನಿಗೆಲ್ಲ ಹಾಗೆ ಮಾಡುತ್ತಾರಲ್ಲ? ಗುಲ್ಮಕ್ಕೆ ಸೂಜಿ ಹಾಕಿದರೆ ರಕ್ತ ನಿಲ್ಲುವುದಿಲ್ಲ ಎಂಬ ಅಂಜಿಕೆ ವೈದ್ಯರಲ್ಲಿ ತಲೆಮಾರುಗಳಿಂದ ಇದೆ. ಅಂಜಿಕೆ ಪೂರ್ತಿ ಆಧಾರವಿಲ್ಲದ್ದಲ್ಲ, ಆದರೆ ಇದ್ದದ್ದಕ್ಕಿಂತ ದೊಡ್ಡದಾಗಿ ಬೆಳೆದಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಗಂಭೀರ ತೊಂದರೆಯಾದದ್ದು ಶೇ 2.2ರಷ್ಟು ಪ್ರಕರಣಗಳಲ್ಲಿ. 18 ಗೇಜ್ ಅಥವಾ ಅದಕ್ಕಿಂತ ಸಪೂರ ಸೂಜಿ ಬಳಸಿದಲ್ಲಿ ಅದು ಶೇ 1.3ಕ್ಕೆ ಇಳಿದಿತ್ತು. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನ ಅನುಮಾನ ಇದ್ದಾಗ ಈ ಸೂಜಿ ಒಂದು ದೊಡ್ಡ ಆಪರೇಷನ್ನನ್ನೇ ತಪ್ಪಿಸಬಹುದು. ರಕ್ತನಾಳದ ಗಂಟುಗಳಲ್ಲಿ ಮಾತ್ರ ಅದು ಸೋಲುವುದು ಹೆಚ್ಚು. ಬರುವುದು ಬರೀ ರಕ್ತ ಮತ್ತು ಒಂದೆರಡು ಎಳೆ ಅಂಗಾಂಶ. ಅಷ್ಟರಿಂದ ಇದು ಹೆಮಾಂಜಿಯೋಮವೋ, ರಕ್ತನಾಳದ ಭೀಕರ ಕ್ಯಾನ್ಸರ್ ಆದ ಆಂಜಿಯೋಸಾರ್ಕೋಮವೋ ಎಂದು ಎದೆ ತಟ್ಟಿ ಹೇಳಲು ಯಾವ ಪೆಥಾಲಜಿಸ್ಟ್‌ಗೂ ಆಗುವುದಿಲ್ಲ.

ಕಾಯುವುದೂ ಚಿಕಿತ್ಸೆಯೇ

ಆಂಜಿಯೋಸಾರ್ಕೋಮದ ಹೆಸರು ಕೇಳಿದ ಮೇಲೆ ಯಾರಿಗಾದರೂ ಅನಿಸುವುದು ಒಂದೇ: ತೆಗೆದುಬಿಡಿ, ತಲೆನೋವು ಮುಗಿಯಲಿ. ಈ ಅವಸರದ ಮುಂದೆ ಇಡಬೇಕಾದ ಒಂದು ಲೆಕ್ಕವಿದೆ. ಬಾಸ್ಟನ್‌ನ ರೇಡಿಯಾಲಜಿಸ್ಟ್‌ಗಳು ಸಿ.ಟಿ.ಯಲ್ಲಿ ಗುಲ್ಮದ ಗಂಟು ಕಂಡವರನ್ನು ಹಿಂಬಾಲಿಸಿ 2018ರಲ್ಲಿ ವರದಿ ಮಾಡಿದರು. ಮೊದಲೇ ಕ್ಯಾನ್ಸರ್ ಇದ್ದವರಲ್ಲಿ ಸುಮಾರು ಮೂರನೇ ಒಂದು ಭಾಗದವರ ಗಂಟು ಕ್ಯಾನ್ಸರಿನದಾಗಿತ್ತು. ಜ್ವರ, ತೂಕ ಇಳಿಕೆ, ಎಡ ಪಕ್ಕೆಯ ನೋವಿನಂಥ ಲಕ್ಷಣ ಇದ್ದವರಲ್ಲೂ ಪ್ರಮಾಣ ಕಡಿಮೆಯಿರಲಿಲ್ಲ. ಕ್ಯಾನ್ಸರಿನ ಹಿನ್ನೆಲೆಯಾಗಲಿ, ಲಕ್ಷಣವಾಗಲಿ ಇಲ್ಲದೆ ಬೇರೇನೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿಕೊಂಡು ಆಕಸ್ಮಿಕವಾಗಿ ಗಂಟು ಕಂಡವರಲ್ಲಿ ಅದು ಶೇ 1ರಷ್ಟು ಮಾತ್ರ.

ಅಂದರೆ ಗಂಟಿನ ಫೋಟೋಗಿಂತ ಅದನ್ನು ಹೊತ್ತವರ ಕತೆ ಮುಖ್ಯ. ಆರೋಗ್ಯವಾಗಿ ಓಡಾಡಿಕೊಂಡಿರುವ ನಲವತ್ತರ ಮಹಿಳೆಯಲ್ಲಿ ಅಕಸ್ಮಾತ್ ಕಂಡ, ನಯವಾದ ಅಂಚಿನ, ಎರಡು ಸೆಂಟಿಮೀಟರಿನ ಗಂಟಿಗೆ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂಆರ್‌ಐ ಸಾಕು. ಒಂದು ವರ್ಷ ಅಲುಗದೆ ಇದ್ದರೆ ಅದನ್ನು ಅದರ ಪಾಡಿಗೆ ಬಿಡುವುದೇ ಜಾಣತನ. ಇಂಥವರಿಗೆ ಕೂಡಲೇ ಆಪರೇಷನ್ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ತಜ್ಞರ ಬಳಿ ಸಿ.ಡಿ. ಒಯ್ದು ತೋರಿಸುವ ಹಕ್ಕು ಮನೆಯವರಿಗಿದೆ, ಅದನ್ನು ಬಳಸಲೇಬೇಕು. ಕಾಗದದ ರಿಪೋರ್ಟ್ ಸಾಲದು, ಚಿತ್ರಗಳಿರುವ ಸಿ.ಡಿ.ಯೇ ಬೇಕು.

ಗಂಟು ಬೆಳೆಯುತ್ತಿದ್ದರೆ, ಸ್ಕ್ಯಾನ್‌ನಲ್ಲಿ ಒರಟು ಲಕ್ಷಣ ಕಂಡರೆ, ಹಳೆಯ ಕ್ಯಾನ್ಸರಿನ ಹಿನ್ನೆಲೆ ಇದ್ದರೆ, ಊಟ ಮಾಡಿದ ಕೂಡಲೇ ಹೊಟ್ಟೆ ತುಂಬಿದಂತೆ ಆಗುತ್ತಿದ್ದರೆ, ಎಡ ಭುಜಕ್ಕೆ ನೋವು ಹರಿಯುತ್ತಿದ್ದರೆ, ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಮಾತು ಬೇರೆ. ಆಗ ಆಪರೇಷನ್ ಮುಂದೂಡುವುದು ತಪ್ಪು.

ಇಡಿಯಾಗಿಯೋ ಅರ್ಧವೋ?

ಗುಲ್ಮವನ್ನು ತೆಗೆದು ರೋಗಿಯನ್ನು ಉಳಿಸಿದ ಮೊದಮೊದಲ ಯಶಸ್ಸಿಗೆ ಕಾರಣವಾದದ್ದೂ ಕ್ಯಾನ್ಸರ್ ಅಲ್ಲದ ಗಂಟೇ. 1867ರಲ್ಲಿ ಪ್ಯಾರಿಸ್‌ನ ಶಸ್ತ್ರವೈದ್ಯ ಝೂಲ್ ಪೆಯಾನ್ ಇಪ್ಪತ್ತು ವರ್ಷದ ಯುವತಿಯೊಬ್ಬಳ ಹೊಟ್ಟೆ ತೆರೆದು, ಭಾರೀ ನೀರ್ಗುಳ್ಳೆ ಬೆಳೆದಿದ್ದ ಗುಲ್ಮವನ್ನು ತೆಗೆದರು. ಆಕೆ ಬದುಕಿದಳು. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲ ಎಂದ ಮೇಲೆ, ಅದು ಇದ್ದರೆಷ್ಟು ಬಿಟ್ಟರೆಷ್ಟು ಎಂಬ ಧೋರಣೆ ವೈದ್ಯಲೋಕದಲ್ಲಿ ಬಹುಕಾಲ ಉಳಿಯಿತು. 1919ರಲ್ಲಿ ಮಾರಿಸ್ ಮತ್ತು ಬುಲಕ್ ಇಲಿಗಳಲ್ಲಿ ಗುಲ್ಮ ತೆಗೆದು, ಸೋಂಕು ತಾಳುವ ಅವುಗಳ ಶಕ್ತಿ ಕುಂದಿದ್ದನ್ನು ತೋರಿಸಿದರು. ಅವರ ಮಾತಿಗೆ ಯಾರೂ ಹೆಚ್ಚು ಕಿವಿಗೊಡಲಿಲ್ಲ. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮೇಕರ್, ಹುಟ್ಟಿನಿಂದ ಬಂದ ರಕ್ತಹೀನತೆಗೆಂದು ಗುಲ್ಮ ತೆಗೆಸಿಕೊಂಡ ಐದು ಎಳೆಗೂಸುಗಳ ವಿಷಯ ಬರೆದರು. ಆ ಮಕ್ಕಳು ಮಿದುಳಪೊರೆಯ ಉರಿಯೂತ, ರಕ್ತದ ನಂಜಿನಂಥ ತೀವ್ರ ಸೋಂಕಿಗೆ ತುತ್ತಾಗಿದ್ದವು. ಸಾವೂ ಸಂಭವಿಸಿತ್ತು. ಆಮೇಲೆ 1977ರಲ್ಲಿ ಇನ್ನೊಂದು ವರದಿ ಬಂತು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಗುಲ್ಮ ಕಳೆದುಕೊಂಡ 740 ಅಮೆರಿಕನ್ ಯೋಧರನ್ನು ಹಿಂಬಾಲಿಸಿದಾಗ, ಅವರಲ್ಲಿ ನ್ಯುಮೋನಿಯಾದಿಂದಲೂ ಹೃದಯಾಘಾತದಿಂದಲೂ ಸತ್ತವರ ಪ್ರಮಾಣ ಉಳಿದವರಿಗಿಂತ ಹೆಚ್ಚಿತ್ತು.

ಗುಲ್ಮವನ್ನು ಉಳಿಸಬೇಕೆಂಬ ಹಟ ಹುಟ್ಟಿದ್ದು ಇಂಥ ಸಾವುಗಳಿಂದ. ಬ್ರೆಜಿಲ್‌ನ ಕ್ರಿಸ್ಟೋ ಎಂಬ ಶಸ್ತ್ರವೈದ್ಯರು 1962ರಲ್ಲಿ, ಪೆಟ್ಟು ಬಿದ್ದ ಎಂಟು ರೋಗಿಗಳ ಗುಲ್ಮದಲ್ಲಿ ಹಾಳಾದ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸಿ ತೋರಿಸಿದರು. ಇದು ಸಾಧ್ಯವಾಗುವುದು ಗುಲ್ಮದ ರಕ್ತಸಂಚಾರದ ರೀತಿಯಿಂದ. ಮೇದೋಜ್ಜೀರಕ ಗ್ರಂಥಿಯ ಮೇಲಂಚಿನಲ್ಲಿ ಅಂಕುಡೊಂಕಾಗಿ ಬರುವ ಅಪಧಮನಿ ಗುಲ್ಮದ ಬಾಗಿಲಲ್ಲಿ ಕವಲೊಡೆಯುತ್ತದೆ, ಒಂದೊಂದು ಕವಲು ಒಂದೊಂದು ಭಾಗಕ್ಕೆ ರಕ್ತ ಉಣಿಸುತ್ತದೆ. ಕಾಲುವೆಯ ಒಂದು ತೂಬು ಮುಚ್ಚಿದರೆ ಅದರ ಕೆಳಗಿನ ಗದ್ದೆಯಷ್ಟೇ ಒಣಗುವ ಹಾಗೆ, ಗಂಟಿರುವ ಭಾಗದ ಕವಲನ್ನು ಕಟ್ಟಿದರೆ ಆ ಭಾಗ ಮಾತ್ರ ಬಣ್ಣ ಕೆಡುತ್ತದೆ.

ಇಂದು ಇದನ್ನು ಲ್ಯಾಪರೋಸ್ಕೋಪಿಯಲ್ಲೇ ಮಾಡುತ್ತಾರೆ. ಕೀಹೋಲ್ ವಿಧಾನದಲ್ಲಿ ಗುಲ್ಮ ತೆಗೆದದ್ದನ್ನು ಮೊದಲು ವರದಿ ಮಾಡಿದವರು ಪ್ಯಾರಿಸ್‌ನ ಡೆಲೆತ್ರ್ ಮತ್ತು ಸಂಗಡಿಗರು, 1991ರಲ್ಲಿ. ರೋಗಿಯನ್ನು ಬಲ ಮಗ್ಗುಲಿಗೆ ಮಲಗಿಸುತ್ತಾರೆ, ಆಗ ಕರುಳು ಜಠರಗಳೆಲ್ಲ ತಮ್ಮ ಭಾರಕ್ಕೆ ಕೆಳಗೆ ಸರಿದು ಗುಲ್ಮ ಮೇಲೆ ತೋರುತ್ತದೆ. ಎಡ ಪಕ್ಕೆಯ ಅಂಚಿನ ಕೆಳಗೆ ಮೂರೋ ನಾಲ್ಕೋ ಸಣ್ಣ ರಂಧ್ರ. ಮೊದಲು ದೊಡ್ಡ ಕರುಳಿನ ತಿರುವನ್ನು ಬಿಡಿಸಿ ಕೆಳಗಿಳಿಸಬೇಕು. ಬಳಿಕ ಮುಖ್ಯ ಅಪಧಮನಿಯ ಸುತ್ತ ಒಂದು ಪಟ್ಟಿ ಹಾಕಿಡಬೇಕು. ರಕ್ತ ಚಿಮ್ಮಿದರೆ ತಕ್ಷಣ ಬಿಗಿಯಲು ಅದು ಬೇಕೇ ಬೇಕು. ಮೇದೋಜ್ಜೀರಕ ಗ್ರಂಥಿಯ ಬಾಲ ಗುಲ್ಮದ ಬಾಗಿಲಿಗೆ ಹತ್ತಿಕೊಂಡೇ ಇರುತ್ತದೆ, ಬಹಳ ಮಂದಿಯಲ್ಲಿ ಅಂತರ ಒಂದು ಸೆಂಟಿಮೀಟರೂ ಇರುವುದಿಲ್ಲ. ಅಲ್ಲಿ ಕೈ ತಪ್ಪಿದರೆ ಜೀರ್ಣರಸ ಹೊಟ್ಟೆಯೊಳಗೆ ಸೋರಿ ವಾರಗಟ್ಟಲೆ ಕಾಡುತ್ತದೆ.

ಆಮೇಲೆ ಗಂಟಿನ ಭಾಗಕ್ಕೆ ಹೋಗುವ ಕವಲನ್ನು ಹುಡುಕಿ ಕ್ಲಿಪ್ ಹಾಕುತ್ತಾರೆ. ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ಗುಲ್ಮ ಎರಡು ಬಣ್ಣವಾಗುತ್ತದೆ. ಒಂದು ಕಡೆ ಮೊದಲಿನ ಕೆಂಪು ನೇರಳೆ, ಇನ್ನೊಂದು ಕಡೆ ಮಂಕಾದ ಬೂದು ನೀಲಿ, ನಡುವೆ ಗೀಚಿದಷ್ಟು ಸ್ಪಷ್ಟ ಗೆರೆ. ಗೆರೆ ಅನುಮಾನಕ್ಕೆಡೆಯಾದರೆ ಇಂಡೋಸೈನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಸೇರಿಸಿ ವಿಶೇಷ ಕ್ಯಾಮೆರಾದಲ್ಲಿ ನೋಡಬಹುದು, ಜೀವಂತ ಭಾಗ ಹಸಿರಾಗಿ ಬೆಳಗುತ್ತದೆ. ಕತ್ತರಿಸುವುದು ಗೆರೆಯ ಮೇಲಲ್ಲ, ಮಂಕಾದ ಭಾಗದಲ್ಲಿ ಕೊಂಚ ಒಳಗೆ. ಆಗ ರಕ್ತ ಸೋರುವುದು ಕಡಿಮೆ. ಉಳಿಸುವ ಭಾಗವನ್ನು ಹಿಂಬದಿಯ ಅಂಟುಗಳಿಂದ ಪೂರ್ತಿ ಬಿಡಿಸಬಾರದು. ಬಿಡಿಸಿದರೆ ಆ ತುಂಡು ತನ್ನ ನಾಳದ ಮೇಲೇ ತಿರುಚಿಕೊಂಡು ಸಾಯುವ ಅಪಾಯವುಂಟು. ಕಾಲು ಭಾಗದಷ್ಟು ಗುಲ್ಮ, ಒಳ್ಳೆಯ ರಕ್ತಸಂಚಾರದೊಡನೆ ಉಳಿದರೆ ಸೋಂಕು ತಡೆಯುವ ಕೆಲಸ ಬಹುಮಟ್ಟಿಗೆ ನಡೆಯುತ್ತದೆ ಎಂಬುದು ಶಸ್ತ್ರವೈದ್ಯರು ಒಪ್ಪಿಕೊಂಡ ಲೆಕ್ಕ.

ಎಲ್ಲ ಗಂಟಿಗೂ ಇದು ಒಗ್ಗುವುದಿಲ್ಲ. ಮೇಲ್ತುದಿಯಲ್ಲೋ ಕೆಳತುದಿಯಲ್ಲೋ ಕೂತ ಒಂಟಿ ಗಂಟಿಗೆ ಸರಿ. ನಟ್ಟನಡುವೆ ರಕ್ತನಾಳಗಳ ಬಾಗಿಲಿಗೇ ಒತ್ತಿ ಕೂತದ್ದಕ್ಕೆ, ಲಿಟೋರಲ್ ಸೆಲ್ ಆಂಜಿಯೋಮದಂತೆ ಎಲ್ಲೆಡೆ ಹರಡಿದ್ದಕ್ಕೆ, ಕ್ಯಾನ್ಸರಿನ ಅನುಮಾನ ಬಲವಾಗಿರುವುದಕ್ಕೆ ಇಡೀ ಗುಲ್ಮವನ್ನೇ ತೆಗೆಯಬೇಕಾಗುತ್ತದೆ. ತೆಗೆದದ್ದನ್ನು ಹೊರತರುವ ರೀತಿಯೂ ಮುಖ್ಯ. ರಕ್ತದ ಕಾಯಿಲೆಗಳಿಗೆ ಗುಲ್ಮ ತೆಗೆದಾಗ ಅದನ್ನು ಚೀಲದೊಳಗೇ ಪುಡಿ ಮಾಡಿ ಸಣ್ಣ ರಂಧ್ರದಿಂದ ಎಳೆಯುವುದುಂಟು. ಹೆಸರು ಗೊತ್ತಿಲ್ಲದ ಗಂಟಿರುವಾಗ ಹಾಗೆ ಮಾಡಿದರೆ ಪೆಥಾಲಜಿಸ್ಟ್ ಕೈಗೆ ಬರುವುದು ಕಲಸಿದ ಮುದ್ದೆ, ಅದರಲ್ಲಿ ನಕ್ಷತ್ರದ ಕಲೆಯೂ ಕಾಣದು, ಅಂಚೂ ಕಾಣದು. ಕಿಬ್ಬೊಟ್ಟೆಯಲ್ಲಿ ಸ್ವಲ್ಪ ದೊಡ್ಡ ಗಾಯವಾದರೂ ಸರಿ, ಇಡಿಯಾಗಿ ತೆಗೆಯುವುದೇ ನ್ಯಾಯ. ಗಾಯ ಚಿಕ್ಕದಿರಲಿ ಎಂಬ ಆಸೆಗೆ ರೋಗದ ಹೆಸರನ್ನೇ ಬಲಿಕೊಡುವುದು ಸರಿಯಲ್ಲವೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಗುಲ್ಮ ಹೋದ ಮೇಲೆ

ಆಪರೇಷನ್ ಚೆನ್ನಾಗಿ ಆಯಿತು, ಗಂಟು ಕ್ಯಾನ್ಸರ್ ಅಲ್ಲ ಎಂದು ರಿಪೋರ್ಟ್ ಬಂತು, ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸಿದರು. ನಮ್ಮಲ್ಲಿ ಬಹಳ ಸಲ ಇಲ್ಲಿಗೆ ಕತೆ ನಿಂತುಬಿಡುತ್ತದೆ. ನಿಲ್ಲಬಾರದು. ಗುಲ್ಮವಿಲ್ಲದವರ ರಕ್ತಕ್ಕೆ ನ್ಯುಮೋಕಾಕಸ್‌ನಂಥ ಕವಚಧಾರಿ ಬ್ಯಾಕ್ಟೀರಿಯಾ ಹೊಕ್ಕರೆ ಅದನ್ನು ಹೆಕ್ಕುವವರೇ ಇಲ್ಲ. ಬೆಳಿಗ್ಗೆ ನೆಗಡಿಯಂತೆ ಶುರುವಾದದ್ದು ಸಂಜೆಗೆ ನಡುಕ, ವಾಂತಿ, ರಕ್ತದೊತ್ತಡ ಕುಸಿತಕ್ಕೆ ತಿರುಗಬಹುದು. ಒಂದೆರಡು ದಿನಗಳಲ್ಲಿ ಜೀವ ಹೋಗಬಹುದು. ಇದು ಬರುವುದು ಕೆಲವರಿಗಷ್ಟೇ, ಆದರೆ ಬಂದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಮೊದಲ ಎರಡು ಮೂರು ವರ್ಷ ಅಪಾಯ ಜಾಸ್ತಿ, ಆಮೇಲೆಯೂ ಅದು ಪೂರ್ತಿ ಹೋಗುವುದಿಲ್ಲ.

ತಡೆಯುವ ದಾರಿಗಳು ನಮ್ಮ ಕೈಯಲ್ಲೇ ಇವೆ. ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಈ ಮೂರು ಬ್ಯಾಕ್ಟೀರಿಯಾಗಳ ಲಸಿಕೆಗಳನ್ನು ಆಪರೇಷನ್ನಿಗೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಬೇಕು. ಗಂಟಿನ ಆಪರೇಷನ್ ತುರ್ತಿನದ್ದಲ್ಲವಾದ್ದರಿಂದ ಇದಕ್ಕೆ ಸಮಯ ಇದ್ದೇ ಇರುತ್ತದೆ. ಅರ್ಧ ಉಳಿಸುವ ಯೋಜನೆ ಇದ್ದರೂ ಲಸಿಕೆ ಬೇಕು, ರಕ್ತ ನಿಲ್ಲದಿದ್ದರೆ ಟೇಬಲ್ ಮೇಲೆಯೇ ಯೋಜನೆ ಬದಲಾಗಬಹುದು. ಫ್ಲೂ ಲಸಿಕೆ ಪ್ರತಿ ವರ್ಷ ಹಾಕಿಸಬೇಕು. ಐದಾರು ವರ್ಷದೊಳಗಿನ ಮಕ್ಕಳಲ್ಲಿ ಸಾಧ್ಯವಾದಷ್ಟೂ ಇಡೀ ಗುಲ್ಮ ತೆಗೆಯದೆ ಕಾಯುವುದು ಒಳ್ಳೆಯದು. ಮಂಗಳೂರಿನಂಥ ಮಲೇರಿಯಾ ಇರುವ ಊರಿನವರು ಸೊಳ್ಳೆಪರದೆ ಬಿಡಬಾರದು, ಗುಲ್ಮವಿಲ್ಲದವರಿಗೆ ಮಲೇರಿಯಾ ಜೋರಾಗಿ ಬರುತ್ತದೆ. ನಾಯಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದಿನ ಜೊತೆಗೆ ಆಂಟಿಬಯಾಟಿಕ್ ಕೂಡ ಬೇಕು. ನಾಯಿಯ ಜೊಲ್ಲಿನ ಒಂದು ಬ್ಯಾಕ್ಟೀರಿಯಾ ಗುಲ್ಮವಿಲ್ಲದವರಲ್ಲಿ ರಕ್ತಕ್ಕೆ ನಂಜೇರಿಸುತ್ತದೆ, ಉಳಿದವರಲ್ಲಿ ಅಷ್ಟಾಗಿ ಕಾಡುವುದಿಲ್ಲ. ಆಪರೇಷನ್ ಆದ ಮೊದಲ ವಾರಗಳಲ್ಲಿ ಪ್ಲೇಟ್‌ಲೆಟ್ ಎಣಿಕೆ ಏರುತ್ತದೆ. ಹೊಟ್ಟೆನೋವು ಅಥವಾ ಜ್ವರ ಮರುಕಳಿಸಿದರೆ ಯಕೃತ್ತಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್ ಮಾಡಿ ನೋಡಬೇಕು.

ಈ ಎಚ್ಚರಿಕೆ ಗಂಟಿಗಾಗಿ ಗುಲ್ಮ ತೆಗೆಸಿಕೊಂಡವರಿಗಷ್ಟೇ ಮೀಸಲಲ್ಲ. ಅಪಘಾತದಲ್ಲಿ ಕಳೆದುಕೊಂಡವರಿಗೂ, ಥಲಸ್ಸೀಮಿಯಾಕ್ಕೆಂದು ತೆಗೆಸಿಕೊಂಡವರಿಗೂ ಅನ್ವಯ. ಎಚ್.ಡಿ. ಕೋಟೆ, ಚಾಮರಾಜನಗರ ಕಡೆಯ ಬುಡಕಟ್ಟು ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯಲ್ಲಂತೂ ಯಾರೂ ಕತ್ತರಿ ಹಾಕದೆಯೇ ಗುಲ್ಮ ಬಾಲ್ಯದಲ್ಲೇ ಸುರುಟಿ ನಿಷ್ಕ್ರಿಯವಾಗಬಹುದು.

ನಿಮ್ಮ ಮನೆಯಲ್ಲಿ ಹೀಗೆ ಗುಲ್ಮವಿಲ್ಲದವರು ಇದ್ದರೆ, ಆ ಸಂಗತಿ ಬರೆದ ಒಂದು ಚೀಟಿ ಅವರ ಪರ್ಸಿನಲ್ಲಿ ಸದಾ ಇರಲಿ. ಹಾಕಿಸಿದ ಲಸಿಕೆಗಳ ಹೆಸರು, ತಾರೀಕುಗಳೂ ಅದರಲ್ಲಿರಲಿ. ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್‌ನ ಒಂದು ಸ್ಟ್ರಿಪ್ ಮನೆಯಲ್ಲಿಟ್ಟಿರಿ, ಅವಧಿ ಮುಗಿದಿದೆಯೇ ಎಂದು ಆಗಾಗ ನೋಡಿ. ಚಳಿಜ್ವರ ಬಂದರೆ ಮೊದಲ ಮಾತ್ರೆ ನುಂಗಿಸಿ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ, ರಾತ್ರಿ ಎರಡು ಗಂಟೆಯಾದರೂ ಸರಿ. ಅಲ್ಲಿ ಮೊದಲು ಸಿಗುವ ವೈದ್ಯರಿಗೂ ನರ್ಸ್‌ಗೂ ಎಲ್ಲಕ್ಕಿಂತ ಮುಂಚೆ ಇದೊಂದು ಮಾತು ಹೇಳಿ: ಇವರಿಗೆ ಗುಲ್ಮ ಇಲ್ಲ.